ಮರಳುಗಲ್ಲಿನ ಯುರೇನಿಯಂ ಹುಡುಕೋಕೆ ಇಷ್ಟೊಂದು ಬೋರ್ ಯಾಕೆ ಬೇಕು?

ಶಹಾಪುರದವ

ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ. ವಿಷಯ ಮರಳುಗಲ್ಲಿನಲ್ಲಿರುವ ಯುರೇನಿಯಂ, ಉದಾಹರಣೆಗೆ ಅಮೆರಿಕದ ವಯೋಮಿಂಗ್ ತಗೊಂಡಿದ್ದೇನೆ. ಎಲ್ಲಿ ಓದಿದರೂ ಸಾಲು ಸಾಲಾಗಿ ಬೋರ್ ಕೊರೆದರು ಅಂತಲೇ ಇದೆ. ಯುರೇನಿಯಂ ವಿಕಿರಣ ಸೂಸುತ್ತೆ ಅಲ್ವಾ? ವಿಮಾನಕ್ಕೆ ಗಾಮಾ ಮೀಟರ್ ಕಟ್ಟಿ ಹಾರಿಸಿದರೆ ಆಗಲ್ವಾ? ಇನ್ನೊಂದು ಅರ್ಥ ಆಗದ ವಿಷಯ: ಏನೂ ಸಿಗದ ಬೋರಿನ ಮರಳಿನ ಬಣ್ಣವನ್ನೂ ಬರೆದಿಡ್ತಾರೆ. ಅದರಿಂದ ಏನು ಉಪಯೋಗ?

ಬೋರ್‌ವೆಲ್ ಬಸಣ್ಣ

ನಾನು ನೀರಿನ ಬೋರ್ ಹೊಡೆಯುವವನು. ಫೇಲಾದ ಬೋರಿನ ಮುಂದೆ ಕೂತು ಮಣ್ಣಿನ ಬಣ್ಣ ಬರೀತಿದ್ರೆ ನಮ್ಮ ಕಡೆ ರೈತರು ಅಟ್ಟಿಸಿಕೊಂಡು ಬರ್ತಾರೆ. ಗೊತ್ತಿದ್ದವರು ಹೇಳಿ, ನಾನೂ ಓದ್ತೀನಿ.

ಕ್ಯಾಸ್ಪರ್ ಕನ್ನಡತಿ

ಊರು ಹುಬ್ಬಳ್ಳಿ. ಈಗ ಇರುವುದು ವಯೋಮಿಂಗಿನ ಕ್ಯಾಸ್ಪರ್‌ನಲ್ಲಿ. ರಿಗ್ ಪಕ್ಕ ಕೂತು ಮರಳು ನೋಡೋದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲು ವಿಮಾನದ ಮಾತು. ಅರ್ಧ ಮೀಟರ್ ಮಣ್ಣು ಮುಚ್ಚಿದ್ದರೂ ಸಾಕು, ಗಾಮಾ ಕಿರಣ ಬಹುಪಾಲು ಅಲ್ಲೇ ಇಂಗಿಹೋಗುತ್ತೆ. 1951ರಲ್ಲಿ ಭೂವಿಜ್ಞಾನಿ ಜೆ. ಡೇವಿಡ್ ಲವ್ ಇಲ್ಲಿನ ಪಂಪ್ಕಿನ್ ಬ್ಯೂಟ್ಸ್ ಗುಡ್ಡಗಳ ಹತ್ತಿರ ಯುರೇನಿಯಂ ಕಂಡುಹಿಡಿದದ್ದು ನೆಲದ ಮೇಲೆ ಕಾಣುವ ಕಲ್ಲಿನಲ್ಲಿ. ಅಂಥದ್ದೆಲ್ಲ ಆಗಿನ ಕಾಲಕ್ಕೇ ಮುಗಿಯಿತು. ಈಗ ಹುಡುಕುವುದು ನೂರಿನ್ನೂರು ಮೀಟರ್ ಕೆಳಗೆ. ಮೇಲೆ ನಿಂತರೆ ಮೀಟರಿಗೆ ಏನೂ ತಿಳಿಯಲ್ಲ.

ಇನ್ನು ಬಣ್ಣ. ಆಮ್ಲಜನಕ ಇರುವ ನೀರಿನಲ್ಲಿ ಯುರೇನಿಯಂ ಚೆನ್ನಾಗಿ ಕರಗುತ್ತೆ. ಗ್ರಾನೈಟ್ ಬೆಟ್ಟದಿಂದಲೋ ಜ್ವಾಲಾಮುಖಿಯ ಬೂದಿಯಿಂದಲೋ ಅದನ್ನು ಹೊತ್ತ ನೀರು ಮರಳುಗಲ್ಲಿನೊಳಗೆ ಇಳಿಯುತ್ತೆ. ಮುಂದೆ ಹಳೇ ಗಿಡಮರದ ಚೂರು, ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇರುವ ಬೂದು ಮರಳು ಸಿಕ್ಕಿತು ಅನ್ನಿ. ಅಲ್ಲಿ ನೀರಿನ ಆಮ್ಲಜನಕ ಖರ್ಚಾಗುತ್ತೆ, ಯುರೇನಿಯಂ ಕರಗಿರಲಾರದೆ ಮರಳಿನ ಕಣಗಳ ನಡುವೆ ಕೂತುಬಿಡುತ್ತೆ. ಗೋಡೆಗೆ ತೇವ ಏರಿದಾಗ ಉಪ್ಪೆಲ್ಲ ತೇವದ ಅಂಚಿಗೇ ಬಂದು ಕಟ್ಟುತ್ತಲ್ಲ, ಹಾಗೆ. ನೀರು ಬರುತ್ತಲೇ ಇರುತ್ತೆ, ಹಿಂದಿನದು ಮತ್ತೆ ಕರಗಿ ಮುಂದೆ ಹೋಗಿ ಕೂರುತ್ತೆ. ಆ ಅಂಚನ್ನೇ ನಾವು ರೋಲ್ ಫ್ರಂಟ್ ಅನ್ನುವುದು. ಅದರ ಹಿಂದೆ ನೀರು ಹಾದುಹೋದ ಮರಳಿನಲ್ಲಿ ಪೈರೈಟ್ ತುಕ್ಕು ಹಿಡಿದು ಬಣ್ಣ ಬದಲಾಗಿರುತ್ತೆ. ಮುಂದೆ ಇನ್ನೂ ಬೂದು.

ಫ್ರಂಟ್ ಕಿಲೋಮೀಟರ್‌ಗಟ್ಟಲೆ ಹಾವಿನಂತೆ ಹರಿದಿರುತ್ತೆ, ಆದರೆ ಅಗಲ ಕೆಲವೇ ಹತ್ತು ಮೀಟರ್. ಕೆಲವು ಕಡೆ ಅಷ್ಟೂ ಇಲ್ಲ. ಸುಮ್ನೆ ಕೊರೆದರೆ ಅದರ ಮೇಲೆ ಬೀಳುವುದು ಅದೃಷ್ಟ. ಅದಕ್ಕೆ ಅಡ್ಡಲಾಗಿ ಒಂದು ಸಾಲು ಬೋರ್ ಹಾಕ್ತೀವಿ. ಒಂದರಲ್ಲಿ ಮರಳು ಕೆಂಪು, ಮುಂದಿನದರಲ್ಲಿ ಅದೇ ಪದರ ಬೂದು ಬಂದರೆ ಫ್ರಂಟ್ ಎರಡರ ನಡುವೆ ಇದೆ. ಎರಡರಲ್ಲೂ ಗಾಮಾ ಮಾಮೂಲಿಗಿಂತ ಹೆಚ್ಚು ಇಲ್ಲದಿರಬಹುದು, ಚಿಂತೆಯಿಲ್ಲ. ನಡುವೆ ಇನ್ನೊಂದು ಕೊರೀತೀವಿ, ಅಂತರ ಕಡಿಮೆ ಮಾಡ್ತಾ ಹೋಗ್ತೀವಿ. ಬಸಣ್ಣ, ನಿಮ್ಮ ಫೇಲಾದ ಬೋರ್ ನಮಗೆ ದಾರಿ ತೋರಿಸುವ ಬೋರ್.

'ಅದೇ ಪದರ' ಅಂದೆನಲ್ಲ, ಎಡವುವುದು ಅಲ್ಲೇ. ಒಂದರ ಕೆಳಗೊಂದು ಹಲವು ಮರಳು ಪದರ ಇರುತ್ತೆ, ಪ್ರತಿಯೊಂದರ ಫ್ರಂಟ್ ಬೇರೆ ಬೇರೆ ಜಾಗದಲ್ಲಿ. ಮೇಲಿನ ಪದರದ ಕೆಂಪನ್ನು ಕೆಳಗಿನದರ ಬೂದು ಬಣ್ಣಕ್ಕೆ ಜೋಡಿಸಿದರೆ ಇಲ್ಲದ ಫ್ರಂಟ್ ಹುಟ್ಟಿಕೊಳ್ಳುತ್ತೆ. ರೆಸಿಸ್ಟಿವಿಟಿ ಲಾಗ್ (ಬೋರಿನ ಆಳದುದ್ದಕ್ಕೂ ಕಲ್ಲಿನ ವಿದ್ಯುತ್ ಪ್ರತಿರೋಧ ಅಳೆದ ದಾಖಲೆ) ಮುಂದಿಟ್ಟುಕೊಂಡು ಜೇಡಿ ಎಲ್ಲಿ, ಮರಳು ಎಲ್ಲಿ ಅಂತ ಬೋರಿಂದ ಬೋರಿಗೆ ಹೊಂದಿಸಲೇಬೇಕು.

ಬಣ್ಣ ನೋಡುವುದೂ ಸುಲಭ ಅಲ್ಲ. ಐದೈದು ಅಡಿಗೆ ಒಂದು ಗುಪ್ಪೆಯಂತೆ ಕಟಿಂಗ್ಸ್, ಅಂದರೆ ಕೊರೆಯುವಾಗ ಮೇಲೆ ಬಂದ ಚೂರು, ನೆಲದ ಮೇಲೆ ಸಾಲಾಗಿ ಇಡ್ತಾರೆ. ನೀರು ಚಿಮುಕಿಸಿ, ಲೆನ್ಸ್ ಹಿಡಿದು ಪೈರೈಟ್ ಇದೆಯಾ ನೋಡಬೇಕು. ಕೊರೆದ ದಿನವೇ ನೋಡುವುದು ಒಳ್ಳೇದು. ಗಾಳಿಗೆ ಬಿಟ್ಟ ಪೈರೈಟ್ ತುಕ್ಕಾಗುತ್ತೆ, ಬೂದು ಮರಳು ಹಳದಿಗೆ ತಿರುಗಿ ದಾರಿ ತಪ್ಪಿಸುತ್ತೆ. ಮೇಲಿನ ಪದರ ಕುಸಿದು ಕೆಳಗಿನದಕ್ಕೆ ಬೆರೆಯುವುದೂ ಉಂಟು. 'ಕೆಂಪು ಅಂದರೆ ಹಿಂದೆ' ಅಂತ ಉರು ಹೊಡೀಬೇಡಿ. ವಯೋಮಿಂಗಿನದೇ ಶರ್ಲಿ ಬೇಸಿನ್‌ನಲ್ಲಿ ನೀರು ಹಾದುಹೋದ ಮರಳು ಹಸಿರು ಹಳದಿ. ದಕ್ಷಿಣ ಟೆಕ್ಸಾಸ್‌ನಲ್ಲಿ ಬಿರುಕಿನಿಂದ ಮೇಲೆ ಬಂದ ಹೈಡ್ರೋಜನ್ ಸಲ್ಫೈಡ್ ಬಣ್ಣ ಬದಲಾದ ಮರಳನ್ನು ಮತ್ತೆ ಬೂದು ಮಾಡಿದೆ. ಅಲ್ಲಿ ಕಣ್ಣೊಂದನ್ನೇ ನಂಬುವವರು ಖಂಡಿತ ಮೋಸಹೋಗ್ತಾರೆ.

ಶಹಾಪುರದವ

ಮೇಡಂ, ತುಂಬಾ ಥ್ಯಾಂಕ್ಸ್. ಫ್ರಂಟ್ ಸಿಕ್ಕಮೇಲೆ ಬೋರಿನೊಳಗೆ ಅಳೆದ ಗಾಮಾ ಲಾಗ್ ನೋಡಿ ಎಷ್ಟು ಯುರೇನಿಯಂ ಇದೆ ಅಂತ ಹೇಳಬಹುದು ಅಲ್ವಾ?

ಪ್ರೋಬ್ ರಾಯರು

ಇದಕ್ಕೆ ನಾನು ಉತ್ತರ ಕೊಡ್ತೀನಿ, ಲಾಗಿಂಗ್‌ನಲ್ಲೇ ತಲೆ ಹಣ್ಣಾದವನು. ಹೇಳಬಹುದು, ಹುಷಾರಾಗಿ. ಬೋರಿಗೆ ಇಳಿಸುವ ಪ್ರೋಬ್ ಎಣಿಸುವ ಗಾಮಾ ಬಹುಪಾಲು ಯುರೇನಿಯಂದಲ್ಲ, ಅದು ಕ್ಷಯಿಸುತ್ತಾ ರೇಡಿಯಂ ಆದಮೇಲೆ ಹುಟ್ಟುವ ಮರಿ ಧಾತುಗಳಾದ ಸೀಸ 214, ಬಿಸ್ಮತ್ 214 ಇವುಗಳದ್ದು. ಯುರೇನಿಯಂ ನೀರಿನ ಜತೆ ಮುಂದೆ ಹೋಗಿ, ಮರಿಗಳು ಹಿಂದೆಯೇ ಉಳಿದವು ಅನ್ನಿ. ಆಗ ಹಿಂದಿನ ಬೋರಿನಲ್ಲಿ ಮೀಟರ್ ಕುಣಿಯುತ್ತೆ, ಮಾಲು ಇರಲ್ಲ. ಮುಂದೆ ಹೊಸದಾಗಿ ಕೂತ ಕಡೆ ಮಾಲು ಇದ್ದರೂ ಮೀಟರ್ ಕಡಿಮೆ ತೋರಿಸುತ್ತೆ. ಯುರೇನಿಯಂ, ರೇಡಿಯಂ ನಡುವೆ ಬರುವ ಥೋರಿಯಂ 230ರ ಅರ್ಧಾಯುಷ್ಯವೇ ಸುಮಾರು 75,000 ವರ್ಷ, ಯುರೇನಿಯಂಗೂ ಮರಿಗಳಿಗೂ ಲೆಕ್ಕ ಮತ್ತೆ ಸರಿಹೋಗಲು ಅದರ ಹಲವು ಪಟ್ಟು ಪುರುಸೊತ್ತು ಬೇಕು. ಅದಕ್ಕೇ ಕೆಲವು ಬೋರಿನಲ್ಲಿ ಕೋರ್, ಅಂದರೆ ಕಲ್ಲಿನ ಇಡೀ ತುಂಡು, ತೆಗೆದು ಲ್ಯಾಬಿಗೆ ಕಳಿಸ್ತಾರೆ. ಇಲ್ಲದಿದ್ದರೆ ನ್ಯೂಟ್ರಾನ್ ಬಿಟ್ಟು ಯುರೇನಿಯಂ 235 ಒಡೆಯುವುದನ್ನು ನೇರವಾಗಿ ಅಳೆಯುವ ಪ್ರೋಬ್ ಇಳಿಸ್ತಾರೆ. ಅದು ನಿಧಾನ, ದುಬಾರಿ. ಆದರೂ ಇಂಥ ಕಡೆ ನಾನಂತೂ ಬರೀ ಗಾಮಾ ಲಾಗಿನ ಲೆಕ್ಕ ಒಪ್ಪಲ್ಲ.

ಬೋರ್‌ವೆಲ್ ಬಸಣ್ಣ

ಹಂಗಾದ್ರೆ ನಮ್ಮ ಗೋಗಿಯಲ್ಲೂ ಇದೇ ಕಥೆನಾ? ಯಾದಗಿರಿ ಕಡೆ ಅದರದ್ದೇ ಮಾತು ಇತ್ತಲ್ಲ.

ಕ್ಯಾಸ್ಪರ್ ಕನ್ನಡತಿ

ಅಲ್ಲ ಬಸಣ್ಣ. ಗೋಗಿಯಲ್ಲಿ ಅದು ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್‌ನಲ್ಲಿ ಇದೆ, ಗೋಗಿ-ಕುರ್ಲಗೆರೆ ಬಿರುಕಿನಗುಂಟ ಪುಡಿಯಾದ ಕಲ್ಲಿನೊಳಗೆ. ಅಲ್ಲಿ ಹುಡುಕಬೇಕಾದ್ದು ಬಿರುಕನ್ನು. ನಮ್ಮ ದೇಶದಲ್ಲಿ ಮರಳುಗಲ್ಲಿನದು ನೋಡಬೇಕಂದರೆ ಮೇಘಾಲಯದ ಡೊಮಿಯಾಸಿಯಾಟ್. ಅಲ್ಲಿ ಮಹಾದೇಕ್ ಮರಳುಗಲ್ಲಿನ ಮೇಲಿನ ಭಾಗ ನೇರಳೆ ಕಂದು, ಕೆಳಗಿನದು ಗಿಡದ ಚೂರು ಇರುವ ಬೂದು. ಯುರೇನಿಯಂ ಇರುವುದು ಕೆಳಗಿನದರಲ್ಲಿ. ಆಕಾರ ಮಾತ್ರ ವಯೋಮಿಂಗಿನಂತೆ ಬಾಗಿದ್ದಲ್ಲ, ಚಪ್ಪಟೆ.

ಶಹಾಪುರದವರೇ, ಸೆಮಿನಾರಿಗೆ ಒಂದು ಮಾತು. ಪುಸ್ತಕದಲ್ಲಿ ರೋಲ್ ಫ್ರಂಟ್ ಚಂದದ ಅರ್ಧಚಂದ್ರ. ಅದು ಎತ್ತರವನ್ನು ಹಿಗ್ಗಿಸಿ ಬರೆದ ಚಿತ್ರ. ನಿಜಕ್ಕೆ ಮರಳು ಪದರ ಕೆಲವೇ ಮೀಟರ್ ದಪ್ಪ, ಅರ್ಧಚಂದ್ರದ ಎರಡು ತುದಿಯಿಂದ ಹಿಂದಕ್ಕೆ ಚಾಚಿದ ಬಾಲಗಳು ನೂರಾರು ಮೀಟರ್ ಎಳೆದುಕೊಂಡಿರಬಹುದು. ಉದ್ದಕ್ಕೂ ಎತ್ತರಕ್ಕೂ ಅಳತೆ ಬೇರೆ ಬೇರೆ ಬರೀರಿ. ಎದುರಿಗೆ ಕೂತ ಮೇಷ್ಟ್ರು ಮೊದಲು ಕೇಳುವುದೇ ಅದನ್ನು.