ಗೋಗಿ ಯುರೇನಿಯಂ ಕಡತ: ಪಿಡಿಎಫ್ ಮಾಡಿದ್ರ ಸಾಕೇನು? (ಭೀಮಾತೀರ, ದಫ್ತರ್, ತೊಗರಿ ನಾಡು, ಬೀದರ್ ಕೋಟೆ ಅನ್ನೋ ಅಡ್ಡಹೆಸರಿನ ನಾಲ್ವರ ಚರ್ಚೆ)

ಭೀಮಾತೀರ: ಶಹಾಪುರ ತಾಲ್ಲೂಕಿನ ಗೋಗಿಯ ಯುರೇನಿಯಂ ಶೋಧ, ಅದರ ಸುರಕ್ಷತಾ ಮೇಲ್ವಿಚಾರಣೆ ಬಗ್ಗೆ ಇರೋ ಹಳೇ ಸರ್ಕಾರಿ ಕಾಗದ ಡಿಜಿಟಲ್ ಮಾಡೋದಾದ್ರ, 200 ಡಿಪಿಐ (ಇಂಚಿಗೆ 200 ಚುಕ್ಕಿ) ಕಪ್ಪು-ಬಿಳುಪು ಪಿಡಿಎಫ್ ಮಾಡಿ ಓಸಿಆರ್ (ಚಿತ್ರದಾಗಿನ ಅಕ್ಷರ ಗುರುತಿಸೋ ತಂತ್ರಾಂಶ) ಹಾಕಿದ್ರ ಮುಗೀತು. ಹುಡುಕಿದ್ರ ಸಿಗಬೇಕು, ಅಷ್ಟ. ಬಣ್ಣದ ಸ್ಕ್ಯಾನ್ ಬರೀ ಜಾಗ ತಿಂತದ.

ದಫ್ತರ್: ಕಪ್ಪು-ಬಿಳುಪು ಬ್ಯಾಡ್ರಿ. ಕಾರ್ಬನ್ ಪ್ರತಿಯಾಗ ಅಕ್ಷರ ಮೊದಲೇ ಹರಡಿರ್ತಾವ, ಬೂದು ಛಾಯೆ ತೆಗೆದ್ರ 3, 6, 8 ಎಲ್ಲಾ ಒಂದೇ ಕಪ್ಪು ಗುಂಡು. ಹಸಿರು, ಕೆಂಪು ಶಾಯಿ ನೋಡಿ ಟಿಪ್ಪಣಿ ಬರೆದವರ ದರ್ಜೆಯ ಸುಳಿವು ಸಿಗ್ತದ, ಅದೂ ಹೋಗ್ತದ. ಮೂಲ ಪ್ರತಿ 300 ಡಿಪಿಐ, 24 ಬಿಟ್ ಬಣ್ಣ, ಟಿಫ್ (ಚಿತ್ರದ ವಿವರ ಕೆಡದಂಗ ಇಡೋ ಫೈಲ್) ಇರಲಿ. ಒಂದು ಎ4 ಹಾಳಿಗೆ ಸುಮಾರು 26 ಎಂಬಿ, ಎ0 ನಕಾಶೆಗೆ 420 ಎಂಬಿ. ಓದೋರಿಗೆ ಪಿಡಿಎಫ್ ಬೇರೆ ಮಾಡ್ರಿ. ತುಕ್ಕು ಹಿಡಿದ ಪಿನ್ ಜಗ್ಗಬ್ಯಾಡ್ರಿ, ಕೆಳಗ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎತ್ರಿ. ಅಮೋನಿಯಾ ಪ್ರಿಂಟ್ (ಅಮೋನಿಯಾ ಹಬೆಯಿಂದ ತೆಗೆದ ನಕಲು) ನಕಾಶೆ ಬೆಳಕಿಗೆ ಮಾಸ್ತಾವ, ಮೊದಲು ಅವನ್ನ ಮುಗಿಸ್ರಿ.

ತೊಗರಿ ನಾಡು: ಓಸಿಆರ್ ನಂಬಿ ಕೂಡಬ್ಯಾಡ್ರಿ. ಯುರೇನಿಯಂ ಆಕ್ಸೈಡಿನ ಸೂತ್ರ ‘ಯು3ಓ8’, ಅದರಾಗಿನ ಓ ಸೊನ್ನೆಯಾಗಿ ‘ಯು308’ ಆಗ್ತದ. 0.04ರ ಚುಕ್ಕಿ ಹಾರಿದ್ರ ಅದಿರಿನ ಪ್ರಮಾಣವೇ ಸುಳ್ಳು. ಕೋಷ್ಟಕಗಳನ್ನ ಇಬ್ಬರು ಬೇರೆ ಬೇರೆ ಟೈಪ್ ಮಾಡಿ ತಾಳೆ ನೋಡಬೇಕು. ರೆಮ್ ಅನ್ನೋ ಹಳೇ ಅಳತೆಯಾಗ ಬರೆದ ವಿಕಿರಣ ಪ್ರಮಾಣ ತಿದ್ದಬಾರದು; 1 ರೆಮ್ ಅಂದ್ರ ಈಗಿನ ಅಳತೆಯಾಗ 10 ಮಿಲಿಸೀವರ್ಟ್ ಅಂತ ಪಕ್ಕಕ್ಕ ಬರೆದ್ರ ಆಯ್ತು.

ಬೀದರ್ ಕೋಟೆ: ಇದಕ್ಕಿಂತ ದೊಡ್ಡ ತಪ್ಪು ಹಾಳೆಗಳನ್ನು ದಿನಾಂಕದ ಪ್ರಕಾರ ಜೋಡಿಸೋದು. ಟಿಪ್ಪಣಿ ಪುಟ (ಅಧಿಕಾರಿಗಳು ಅಭಿಪ್ರಾಯ ಬರೆಯೋ ಹಾಳೆ), ಪತ್ರ ವ್ಯವಹಾರ (ಬಂದ, ಹೋದ ಪತ್ರಗಳು) ಎರಡೂ ಬೇರೆಯಾಗಿಯೇ ಉಳಿಯಬೇಕು. ಯಾರು ಆಕ್ಷೇಪ ಎತ್ತಿದರು, ಮೇಲಿನವರು ಯಾವ ಪತ್ರ ನೋಡಿ ಅದನ್ನು ತಳ್ಳಿಹಾಕಿದರು ಅನ್ನೋದು ಟಿಪ್ಪಣಿಯಲ್ಲಿ ಕೊಟ್ಟ ಪತ್ರದ ಪುಟಸಂಖ್ಯೆಗಳಿಂದಲೇ ತಿಳಿಯೋದು. ಮೇಲ್ವಿಚಾರಣೆಯ ದಾಖಲೆಯಲ್ಲಿ ಅದೇ ಜೀವ. ಸೂಚಿಯಲ್ಲೂ ಎಚ್ಚರ ಬೇಕು: ಅಣುಶಕ್ತಿ ನಿಯಂತ್ರಣ ಮಂಡಳಿ ಶುರುವಾಗಿದ್ದು 1983ರ ನವೆಂಬರ್ 15ಕ್ಕೆ, ಅದಕ್ಕೂ ಹಿಂದಿನ ಕಾಗದಕ್ಕೆ ಅದರ ಹೆಸರು ಅಂಟಿಸಬೇಡಿ. ಗೋಗಿ ಈಗಿರೋ ಯಾದಗಿರಿ ಜಿಲ್ಲೆ 2009ರ ಕೊನೆಗೆ ಆಗಿದ್ದು; ಹಳೇ ಕಡತದಲ್ಲಿ ಗೋಗಿ ‘ಗುಲ್ಬರ್ಗಾ’ ಜಿಲ್ಲೆಯಲ್ಲೇ ಇರುತ್ತೆ. ಎರಡೂ ಹೆಸರು ಹಾಕದಿದ್ದರೆ ನೀವು ಹೇಳಿದ ಹುಡುಕಾಟವೇ ಕೈಕೊಡುತ್ತೆ.

ಭೀಮಾತೀರ: ಪುಟದ ಮಾತು ಖರೇ, ಒಪ್ಪಿದೆ. ಆದ್ರ 500 ಹಾಳಿಗೆ 13 ಜಿಬಿ ಆಗ್ತದಲ್ರೀ! ಮತ್ತ ಕೆಲಸಗಾರರ ಹೆಸರು, ಗೋಪ್ಯ ಮುದ್ರೆ ಇದ್ದ ಹಾಳಿ ಏನು ಮಾಡೋದು?

ದಫ್ತರ್: ಟಿಫ್ ಫೈಲನ್ನ ಎಲ್‌ಝಡ್‌ಡಬ್ಲ್ಯೂ ಅನ್ನೋ ವಿಧಾನದಾಗ ಕುಗ್ಗಿಸಿದ್ರ ಗುಣಮಟ್ಟ ಕೆಡಲ್ಲ, ಜಾಗ ಒಂದಿಷ್ಟು ಉಳೀತದ. ವಿಕಿರಣ ಪ್ರಮಾಣದ ಪಟ್ಟಿಯಾಗ ಹೆಸರು, ಬ್ಯಾಡ್ಜ್ (ವಿಕಿರಣ ಅಳೆಯೋ ಬಿಲ್ಲೆ) ಸಂಖ್ಯೆ ಮುಚ್ಚಿ ಪ್ರಮಾಣ, ದಿನಾಂಕ ಬಿಡ್ರಿ. ಪಿಡಿಎಫ್ ಮ್ಯಾಲೆ ಕಪ್ಪು ಪಟ್ಟಿ ಎಳೆದ್ರ ಕೆಳಗಿನ ಓಸಿಆರ್ ಅಕ್ಷರ ಹಂಗೇ ಇರ್ತದ, ನಕಲು ಮಾಡಿದ್ರ ಹೊರಗ ಬರ್ತದ. ಅದಕ್ಕ ಚಿತ್ರದ ಪ್ರತಿಯಾಗ ಮುಚ್ಚಿ, ಆಮ್ಯಾಲೆ ಓಸಿಆರ್ ಮಾಡ್ರಿ. ಮೂಲ ಟಿಫ್ ಮುಟ್ಟಬ್ಯಾಡ್ರಿ.

ಬೀದರ್ ಕೋಟೆ: ಗೋಪ್ಯ ಮುದ್ರೆಯ ಹಾಳೆ ಸ್ಕ್ಯಾನರ್ ಹತ್ತಿರವೂ ಬರಬಾರದು. 1993ರ ಸಾರ್ವಜನಿಕ ದಾಖಲೆ ಕಾಯ್ದೆ ಪ್ರಕಾರ ಅಂಥವು ರಾಷ್ಟ್ರೀಯ ಅಭಿಲೇಖಾಲಯಕ್ಕೂ ಹೋಗುವಂತಿಲ್ಲ. ಗೋಪ್ಯತೆ ತೆಗೆದ ಲಿಖಿತ ಆದೇಶ ಮೊದಲು ಬರಲಿ. ಆ ಜಾಗದಲ್ಲಿ ‘ಪುಟ 41ರಿಂದ 44 ತಡೆಹಿಡಿದಿದೆ’ ಅಂತ ಒಂದು ಚೀಟಿ ಇಟ್ಟು ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಹಾಳೆ ಕಳೆದುಹೋಗಿದೆ ಅಂದ್ಕೋತಾರೆ.