ಫ್ಲೋರೈಡ್ ನೀರಿನ ಊರಾಗ ಯಾವ ಪೇಸ್ಟ್? ವಸಡಿನ ರಕ್ತಕ್ಕ ಏನು ಮಾಡಬೇಕ್ರಿ?

ಪ್ರಶ್ನೆ (ಹುನಗುಂದ ತಾಲ್ಲೂಕು):
ನಮ್ಮೂರ ಬೋರಿನ ನೀರಾಗ ಫ್ಲೋರೈಡ್ ಜಾಸ್ತಿ ಐತಿ, ಸಾಲಿ ಹುಡುಗರ ಹಲ್ಲಿನ ಮ್ಯಾಲೆ ಕಂದು ಗೆರಿ ಕಾಣಸ್ತಾವು. ಇಂಥಲ್ಲಿ ಫ್ಲೋರೈಡ್ ಪೇಸ್ಟ್ ಬಳಸಬೇಕೋ ಬ್ಯಾಡೋ? ಮನ್ಯಾಗ ಐದು ವರ್ಷದ ಮಗಳದಾಳ. ಅವ್ವ ಮಿಶ್ರಿ ಹಚ್ಚತಾಳ, ಬ್ರಷ್ ಹಿಡಿದ್ರ ರಕ್ತ ಬರತೈತಿ ಅಂತ ಅದನ್ನ ಬಿಟ್ಟಾಳ.

ಉತ್ತರ (ಬಾಗಲಕೋಟೆ):
ಆ ಗೆರಿ ಮೂಡೋದು ಹಲ್ಲು ದವಡಿ ಒಳಗ ತಯಾರಾಗೋ ವಯಸ್ಸಿನಾಗ, ಸುಮಾರು ಎಂಟು ವರ್ಷದ ತನಕ, ಫ್ಲೋರೈಡ್ ಹೊಟ್ಟಿಗೆ ಹೋದ್ರ. ಹೊರಗ ಬಂದ ಹಲ್ಲಿಗೆ ಪೇಸ್ಟ್ ತಿಕ್ಕಿದ್ರ ಬರೂದಿಲ್ಲ. ಹಂಗಾಗಿ ದೊಡ್ಡವರು ಫ್ಲೋರೈಡ್ ಪೇಸ್ಟ್ ಬಿಡಬ್ಯಾಡ್ರಿ, ಹುಳುಕು ತಡಿಯೋದು ಅದರಿಂದನ.

ಮಗಳಿಗೆ ಬಟಾಣಿ ಕಾಳಿಗಿಂತ ಹೆಚ್ಚು ಹಾಕಬ್ಯಾಡ್ರಿ. ಉಗುಳಾಕ ಸರಿಯಾಗಿ ಬರದಿದ್ರ ಅಕ್ಕಿ ಕಾಳಿನಷ್ಟ ಸಾಕು. ಪೇಸ್ಟ್ ನೀವ ಹಚ್ಚಿ ಕೊಡ್ರಿ, ಬಾಜೂಕ ನಿಂತು ಉಗುಳಿಸ್ರಿ. ನಿಮ್ಮ ನೀರಿನ ಮಟ್ಟ ಹೇಳಿ ಯಾವ ಪೇಸ್ಟ್ ಅಂತ ಹಲ್ಲಿನ ಡಾಕ್ಟರನ್ನ ಒಮ್ಮೆ ಕೇಳ್ರಿ.

ಆದ್ರ ಖರೇ ಕೆಲಸ ಇರೋದು ನೀರಿನಾಗ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರ ಚಲೋ, ಬ್ಯಾರೆ ನೀರ ಇಲ್ಲಂದ್ರ 1.5 ತನಕ ನಡೀತೈತಿ. ಕುದಿಸಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿಯಾಗಿ ಉಳಿದಿದ್ದರಾಗ ಅದರ ಪ್ರಮಾಣ ಇನ್ನಷ್ಟು ಹೆಚ್ಚಾಗತೈತಿ. ಫ್ಲೋರೈಡ್ ಸೋಸೋ ಆರ್‌ಓ ಮಷಿನ್ನಿನ ನೀರು ಬೇಕು, ಕುಡಿಯಾಕ ಅಷ್ಟ ಅಲ್ಲ, ಚಹಾಕ್ಕ, ಬ್ಯಾಳಿ ಬೇಯಿಸಾಕೂ ಅದನ್ನ ಹಾಕ್ರಿ.

ಉತ್ತರ (ಬೆಳಗಾವಿ):
ರಕ್ತ ಬರೋದು ಬ್ರಷ್ಷಿನ ತಪ್ಪಲ್ರಿ. ಹಲ್ಲು ವಸಡು ಕೂಡೋ ಸಂದಿನಾಗ ಪಾಚಿ ಕುಂತು ವಸಡು ಬಾತಿರತೈತಿ. ತಿಕ್ಕೋದು ಬಿಟ್ರ ಪಾಚಿ ಬೆಳೀತೈತಿ, ರಕ್ತ ಇನ್ನೂ ಹೆಚ್ಚಾಗತೈತಿ.

'ಸಾಫ್ಟ್' ಅಂತ ಬರೆದ ಬ್ರಷ್ ತರ್ರಿ. ಎಳಿ ಅರ್ಧ ವಸಡಿಗೆ, ಅರ್ಧ ಹಲ್ಲಿಗೆ ತಾಕೋ ಹಂಗ ಓರಿ ಹಿಡಿದು, ಎರಡೆರಡು ಹಲ್ಲಿನ ಮ್ಯಾಲೆ ಸಣ್ಣಗ ಅಲುಗಾಡಿಸ್ರಿ. ಒತ್ತಬ್ಯಾಡ್ರಿ. ಕೆಳಗಿನ ಮುಂದಿನ ಹಲ್ಲಿನ ಒಳಮೈ ಎಲ್ಲಾರೂ ಬಿಡತಾರ, ಗಟ್ಟಿ ಪಾಚಿ ಮೊದಲ ಕಟ್ಟೋದು ಅಲ್ಲೇ. ಒಟ್ಟು ಎರಡು ನಿಮಿಷ, ದಿನಕ್ಕ ಎರಡು ಸಲ. ರಾತ್ರಿದು ಮಾತ್ರ ತಪ್ಪಿಸಬ್ಯಾಡ್ರಿ: ಮಲಗಿದಾಗ ಜೊಲ್ಲು ಕಡಿಮಿ ಆಗತೈತಿ, ಹಲ್ಲಿಗೆ ಕಾವಲು ಇರೂದಿಲ್ಲ. ತಿಕ್ಕಿದ ಮ್ಯಾಲೆ ನೊರಿ ಉಗುಳಿ ಬಿಡ್ರಿ, ಬಾಯಿ ಮುಕ್ಕಳಿಸಬ್ಯಾಡ್ರಿ.

ಎರಡು ವಾರ ಹಿಂಗ ಮಾಡಿದ್ರೂ ರಕ್ತ ನಿಲ್ಲದಿದ್ರ ಸ್ಕೇಲಿಂಗ್ (ಹಲ್ಲಿನ ಡಾಕ್ಟರ್ ಕಡೆ ಗಟ್ಟಿ ಪಾಚಿ ತೆಗೆಸೋದು) ಬೇಕು, ಸಕ್ಕರಿ ಕಾಯಿಲೆನೂ ತಪಾಸ ಮಾಡಿಸ್ರಿ. ಸ್ಕೇಲಿಂಗ್‌ನಿಂದ ಹಲ್ಲು ಸಡಿಲ ಆಗತಾವ ಅನ್ನೋದು ಸುಳ್ಳು. ಮೊದಲ ಸಡಿಲಾಗಿದ್ದನ್ನ ಪಾಚಿ ಗಾರಿ ಹಂಗ ಹಿಡಿದಿರತೈತಿ, ತೆಗೆದಾಗ ಗೊತ್ತಾಗತೈತಿ ಅಷ್ಟ.

ಮಿಶ್ರಿ ಅಂದ್ರ ಸುಟ್ಟ ತಂಬಾಕು. ಬಾಯಿ ಕ್ಯಾನ್ಸರಿನ ದಾರಿ ಅದು, ದಯವಿಟ್ಟು ಬಿಡಿಸ್ರಿ.

ಪ್ರಶ್ನೆ ಕೇಳಿದವರು:
ಮಿಶ್ರಿ ಬಿಟ್ರ ಹಲ್ಲು ಜುಮ್ ಅಂತಾವ ಅಂತಾಳ್ರಿ.

ಉತ್ತರ (ಬೆಳಗಾವಿ):
ವಸಡು ಕೆಳಗ ಸರಿದು ಬೇರು ತೆರೆದಿರಬೇಕು. ಪೊಟ್ಯಾಸಿಯಮ್ ನೈಟ್ರೇಟ್ ಇರೋ ಪೇಸ್ಟ್ ಎರಡೂ ಹೊತ್ತು ಹಚ್ಚಲಿ. ಗುಣ ಕಾಣಾಕ ಎರಡರಿಂದ ನಾಕು ವಾರ ಬೇಕು, ನಡುವ ಬಿಡಬಾರದು. ಇದ್ದಲಿ, ಹರಳುಪ್ಪು ಪೂರಾ ಬಂದ್. ಕರದಂಟು, ಬೆಲ್ಲ ತಿಂದ್ರ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಲಿ, ಅಂಟಿದ್ದು ಹಲ್ಲಿನ ಸಂದಿನಾಗ ತಾಸುಗಟ್ಟಲೆ ಉಳೀತೈತಿ.