ಅಮ್ಮ ಟೋಕಿಯೋಗೆ ಹೊರಟಿದಾರೆ, ಫ್ಲೈಟ್ ನಿಜವಾಗ್ಲೂ ಎಷ್ಟು ಗಂಟೆ?

ಗಿರಿನಗರದವ್ನು:
ಎಲ್ರಿಗೂ ನಮಸ್ಕಾರ. ನಮ್ಮಕ್ಕ ಟೋಕಿಯೋದಲ್ಲಿದಾಳೆ, ಜನವರಿಲಿ ಡೆಲಿವರಿ, ಬಾಣಂತನಕ್ಕೆ ಅಮ್ಮ ಒಬ್ರೇ ಹೋಗ್ಬೇಕು. ಇದೇ ಮೊದಲ್ನೇ ಫ್ಲೈಟ್, ಅದ್ರಲ್ಲೂ ಮಂಡಿನೋವು, ಒಂದು ಗಂಟೆ ಕಾಲು ಮಡಚಿ ಕೂತ್ರೆ ಏಳೋಕೆ ಗೋಡೆ ಹಿಡೀಬೇಕು. ಡೈರೆಕ್ಟ್ ಟಿಕೆಟ್ ನೋಡ್ದೆ, ದೇವನಹಳ್ಳಿಯಿಂದ ಸಂಜೆ 7ಕ್ಕೆ ಬಿಟ್ಟು ಟೋಕಿಯೋದ ನರೀತಾ ಏರ್‌ಪೋರ್ಟ್‌ಗೆ ಬೆಳಿಗ್ಗೆ 6:30ಕ್ಕೆ ಅಂತಿದೆ, ಅಂದ್ರೆ ಹನ್ನೊಂದೂವರೆ ಗಂಟೆ. ಬರೋವಾಗ ಮಾತ್ರ ಸಂಜೆ 6ಕ್ಕೆ ಬಿಟ್ಟು ರಾತ್ರಿ 12:30ಕ್ಕೆ ಇಲ್ಲಿ, ಬರೀ ಆರೂವರೆ. ದೂರ ಅದೇ ತಾನೆ? ಭೂಮಿ ತಿರುಗೋದ್ರಿಂದ ಹಂಗೆ ಅಂತಾರೆ ನಮ್ ಚಿಕ್ಕಪ್ಪ. ಸಿಂಗಾಪುರದ ಮೇಲೆ ಹೋದ್ರೆ ರೇಟ್ ಸ್ವಲ್ಪ ಕಮ್ಮಿ ಇದೆ, ಅದನ್ನೇ ಮಾಡ್ಲಾ?

ಕಾಫಿಪುಡಿ:
ಲೆಕ್ಕ ಉಲ್ಟಾ ಆಗಿದೆ ನೋಡಿ. ಬಿಡೋ ಟೈಮು ಬಿಡೋ ಊರಿಂದು, ಇಳಿಯೋ ಟೈಮು ಇಳಿಯೋ ಊರಿಂದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಹೋಗೋವಾಗ ಅದನ್ನ ಕಳೀರಿ, 8 ಗಂಟೆ. ಬರೋವಾಗ ಸೇರ್ಸಿ, 10 ಗಂಟೆ. ಅಮ್ಮನ ಮಂಡಿಗೆ ಕಷ್ಟ ಆಗೋದು ವಾಪಸ್ ಬರೋದ್ರಲ್ಲೇ.

ಮೋಡ ನೋಡೋನು:
ಚಿಕ್ಕಪ್ಪನವರಿಗೆ ಹೇಳಿ, ಭೂಮಿ ಜೊತೆ ಗಾಳೀನೂ ತಿರುಗುತ್ತೆ, ವಿಮಾನ ಹಾರೋದು ಆ ಗಾಳಿಯೊಳಗೇ, ಹಾಗಾಗಿ ಅದ್ರಿಂದ ಲಾಭನೂ ಇಲ್ಲ ನಷ್ಟನೂ ಇಲ್ಲ. ಕಾರಣ ಜೆಟ್ ಸ್ಟ್ರೀಮ್. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿ ಥರ ಹರಿಯೋ ಗಾಳಿ, ಚಳಿಗಾಲದಲ್ಲಿ ಜಪಾನ್ ಮೇಲೆ ಗಂಟೆಗೆ 300 ಕಿ.ಮೀ. ದಾಟೋದೂ ಉಂಟು. ಇದನ್ನ ಮೊದಲು ಸರಿಯಾಗಿ ಅಳೆದೋರಲ್ಲಿ ಒಬ್ರು ಜಪಾನಿನವರೇ, ವಾಸಾಬುರೋ ಓಯಿಶಿ, 1920ರ ದಶಕದಲ್ಲಿ ತತೆನೋ ಅನ್ನೋ ಊರಿಂದ ಬಲೂನ್ ಬಿಟ್ಟು ಅದು ಹೋಗೋ ದಾರಿನ ನೋಡ್ತಾ ಲೆಕ್ಕ ಹಾಕ್ತಿದ್ರು, ವರದಿ ಬರೆದಿದ್ದು ಎಸ್ಪೆರಾಂಟೋ ಅನ್ನೋ ಕೃತಕವಾಗಿ ಕಟ್ಟಿದ ಭಾಷೇಲಿ, ಹಾಗಾಗಿ ಹೊರಗಡೆ ಹೆಚ್ಚು ಜನಕ್ಕೆ ತಲುಪಲೇ ಇಲ್ಲ. ಎಂಥಾ ಕೆಲಸ ಅದು!

ನೇರ ದೂರ ಸುಮಾರು 6,700 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಅಂತಿಟ್ಕೊಳ್ಳಿ, ಹಿಂದಿಂದ ಸರಾಸರಿ 100 ಗಾಳಿ ಸಿಕ್ರೆ 6.7 ಗಂಟೆ, ಎದುರಿಗೆ ಅಷ್ಟೇ ಸಿಕ್ರೆ 8.4. ಮೇಲೇರೋದು, ಇಳಿಯೋದು, ರನ್‌ವೇಲಿ ಓಡಾಡೋದು ಅದರ ಮೇಲೆ. ಬೇಸಿಗೆಲಿ ಈ ಗಾಳಿ ಬಲ ಕಳ್ಕೊಂಡು ಉತ್ತರಕ್ಕೆ ಸರಿಯುತ್ತೆ, ಆಗ ವ್ಯತ್ಯಾಸ ಕಮ್ಮಿ. ಅಮ್ಮ ವಾಪಸ್ ಬರೋದು ಏಪ್ರಿಲ್ ಮಧ್ಯದ ಆಚೆ ಇಟ್ಕೊಂಡ್ರೆ ಒಳ್ಳೇದು.

ಬಸವನಗುಡಿ ಅಕ್ಕ:
ಹೋದ ಫೆಬ್ರವರಿ ನಮ್ಮತ್ತೆನ ಕರ್ಕೊಂಡು ಬಂದೆ. ಎದುರುಗಡೆ ಸ್ಕ್ರೀನಲ್ಲಿ ಮ್ಯಾಪ್ ಇರತ್ತಲ್ಲ, ಹೋಗೋವಾಗ ಅದರಲ್ಲಿ ವೇಗ 1,080 ತೋರಿಸ್ತಿತ್ತು, ಬರೋವಾಗ ಎಷ್ಟೊತ್ತಿಗೆ ನೋಡಿದ್ರೂ 740, 750. ಅತ್ತೆ ಅದನ್ನೇ ನೋಡ್ತಾ ‘ಇನ್ನೂ ಸಮುದ್ರದ ಮೇಲೇ ಇದೀವಲ್ಲೇ’ ಅಂತಿದ್ರು ಪಾಪ. ನಡುದಾರಿ ಪಕ್ಕದ ಸೀಟೇ ಹಾಕ್ಸಿ, ಗಂಟೆಗೊಂದ್ಸಲ ಎದ್ದು ಹಿಂದಿನ ತನಕ ನಡೆದು ಬರ್ಲಿ. ವೀಲ್‌ಚೇರ್ ಬುಕಿಂಗ್‌ನಲ್ಲೇ ಕೇಳಿ, ಸಂಕೋಚ ಬೇಡ.

ಸಿಂಗಾಪುರ ಮಾತ್ರ ಬೇಡಪ್ಪ. ಅಲ್ಲಿಗೇ ನಾಲ್ಕೂವರೆ ಗಂಟೆ, ಅಲ್ಲಿಂದ ಇನ್ನೂ ಸುಮಾರು 7, ಮಧ್ಯದಲ್ಲಿ ಗೇಟ್ ಹುಡುಕ್ಕೊಂಡು ಒಬ್ರೇ ಓಡಾಡ್ಬೇಕು. ಮೊದಲ್ನೇ ಸಲ ಹೋಗೋರಿಗೆ ಆ ಹಿಂಸೆ ಯಾಕೆ?

ಗಿರಿನಗರದವ್ನು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಡೈರೆಕ್ಟೇ ಮಾಡ್ದೆ, ನಡುದಾರಿ ಸೀಟು, ವೀಲ್‌ಚೇರೂ ಹಾಕ್ಸಿದೀನಿ. ವಾಪಸ್ ಬರೋದು ಏಪ್ರಿಲ್ 20. ಎಂಟೇ ಗಂಟೆ ಅಂದಿದ್ದಕ್ಕೆ ಅಮ್ಮ, ‘ಶಿವಮೊಗ್ಗಕ್ಕೆ ರಾತ್ರಿ ಬಸ್ಸಲ್ಲಿ ಹೋದಂಗೆ ಬಿಡು’ ಅಂದ್ರು.